ಮುಂಗಡ ಧನ್ಯವಾದ

ಹೋದ ಚುನಾವಣೆಗಿಂತ ಮುಂಚಿನ ಬೇಸಿಗೆಯಲ್ಲಿ ಶುರುವಾದ ಮಾತಿದು. ನಮ್ಮ ಗಲ್ಲಿಯಲ್ಲಿ ಸರಕಾರದ ಆರೋಗ್ಯ ವಿಮೆಯ ಕಾರ್ಡು ಹಂಚಿದ್ದು ಆಗಲೇ. ಆ ಕಾರ್ಡು ಒಳ್ಳೆಯದೋ ಕೆಟ್ಟದ್ದೋ ಎಂದು ಟಿವಿಯಲ್ಲಿ ಕೋಟು ಹಾಕಿಕೊಂಡವರು ಕಿರುಚಾಡುವುದನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಕಿರುಚುವವರು ಕಿರುಚಲಿ. ನಮ್ಮ ಮನೆಯಲ್ಲಿ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಾನು ಕುರ್ಲಾದ ಒಂದು ಚಾಳಿನಲ್ಲಿ ಇರುವವಳು. ಊರು ವಿಜಯಪುರ ಜಿಲ್ಲೆ. ಅಪ್ಪ ಗೌಂಡಿ ಕೆಲಸಕ್ಕೆಂದು ಇಲ್ಲಿಗೆ ಬಂದು ಇಲ್ಲೇ ಉಳಿದ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದ ಕಾರಣ ಇವತ್ತಿಗೂ ಕನ್ನಡ ವಾರಪತ್ರಿಕೆ ಸಿಕ್ಕರೆ ಒಲೆಯ ಮೇಲಿನ ಹಾಲು ಉಕ್ಕಿದರೂ ನನಗೆ ಗೊತ್ತಾಗುವುದಿಲ್ಲ. ಮನೆಯಲ್ಲೇ ಮಷೀನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ನನ್ನ ತಮ್ಮ ಮಲ್ಲಪ್ಪ, ನಮಗೆಲ್ಲ ಮಲ್ಲು, ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಿದ್ದ. ಅದೇ ಚಾಳಿನ ಮೇಲಿನ ಮಾಳಿಗೆಯಲ್ಲಿ ಅವನ ಖೋಲಿ. ಅವನ ಹೆಂಡತಿ ನೀಲಾ ಇಂಡಿ ಕಡೆಯ ಹುಡುಗಿ. ಮದುವೆಯಾಗಿ ಬಹಳ ದಿನ ಆಗಿರಲಿಲ್ಲ. ಅವಳು ಮಾತಾಡುವುದೇ ಕಡಿಮೆ. ಅವಳ ಪಾಲಿನ ಮಾತನ್ನೂ ಸೇರಿಸಿ ಮಲ್ಲುವೇ ಆಡುತ್ತಿದ್ದ.

ಕಾರ್ಡು ಹಂಚಿದ ದಿನ ಗಲ್ಲಿಗೆ ಪೆಂಡಾಲ್ ಹಾಕಿಸಿದವರು ನಮ್ಮ ಏರಿಯಾದ ಪಕ್ಷದ ಕಾರ್ಯಕರ್ತರು. ಅವರನ್ನು ಎಲ್ಲರೂ ಮರಾಠಿಯಲ್ಲಿ ಭಾವು, ಅಂದರೆ ಅಣ್ಣ, ಎಂದೇ ಕರೆಯುವುದು. ಅಕ್ಕಲಕೋಟ ಕಡೆಯವರು, ನಮ್ಮ ಹಾಗೇ ಕನ್ನಡ ಮಾತಾಡುತ್ತಾರೆ, ನಡುವೆ ಹಿಂದಿ ಮರಾಠಿ ಎರಡನ್ನೂ ಸುರಿಯುತ್ತಾರೆ. ನಲ್ಲಿಯಲ್ಲಿ ನೀರು ಬರದಿದ್ದರೆ, ಗಟಾರ ಕಟ್ಟಿದರೆ ನಾವು ಓಡುವುದು ಅವರ ಆಫೀಸಿಗೇ. ಕೆಟ್ಟವರೆಂದು ಆಗಲೂ ಅನ್ನುತ್ತಿರಲಿಲ್ಲ, ಈಗಲೂ ಪೂರ್ತಿ ಹಾಗೆ ಅನ್ನಲು ಬಾಯಿ ಬರುವುದಿಲ್ಲ.

ಮಲ್ಲು ಕಾರ್ಡು ತೆಗೆದುಕೊಂಡು ಸೀದಾ ನಮ್ಮ ಮನೆಗೆ ಬಂದವನೇ, “ಯಕ್ಕಾ, ನೆಗಡಿ ಕೆಮ್ಮಿಗೆಲ್ಲಾ ಇದು ನಡಿಯೂದಿಲ್ಲಂತ. ದೊಡ್ಡ ಆಪರೇಷನ್ ಇದ್ರ ಅಷ್ಟ ಪುಕಟ್. ಇನ್ನ ಮ್ಯಾಲ ಜಡ್ಡ ಬಂದ್ರ ಛಲೋ ದೊಡ್ಡ ಜಡ್ಡನ ಬರಬೇಕ ನೋಡು” ಎಂದ.

“ಬಿಡ್ತು ಅನ್ನೋ ಮೂಳಾ” ಎಂದು ತಲೆಯ ಮೇಲೆ ಒಂದು ಬಿಟ್ಟೆ. ಬಿಡ್ತು ಅಂದ. ಗಲ್ಲದ ಮೇಲೆ ಹೊಡೆದುಕೊಂಡು ನಗುತ್ತಲೇ ಅಂದ.

ಮಳೆಗಾಲ ಶುರುವಾಗುವ ಹೊತ್ತಿಗೆ ಅವನಿಗೆ ಮೆಟ್ಟಿಲು ಹತ್ತುವಾಗ ಉಬ್ಬಸ ಬರತೊಡಗಿತು. ಸೈಟಿನಲ್ಲಿ ಟೈಲ್ಸ್ ಪೆಟ್ಟಿಗೆ ಎತ್ತಿಕೊಂಡು ನಿಂತಲ್ಲೇ ನಿಂತುಬಿಡುತ್ತಿದ್ದನಂತೆ. ಸರಕಾರಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಮ್ಮ ಎಲ್ಲ ತಪಾಸಣೆ ಮಾಡಿಸಿ, ಚಿಕ್ಕವನಿದ್ದಾಗ ಬಂದ ಜ್ವರದಿಂದ ಹೃದಯದ ವಾಲ್ವ್ ಹಾಳಾಗಿದೆ, ಬದಲಿಸಬೇಕು ಎಂದರು. “ನಂಬರ್ ಹಚ್ಚುತ್ತೇನೆ. ಇಲ್ಲಿ ಸಾಲು ಉದ್ದ ಇದೆ, ತಡ ಆಗುತ್ತದೆ. ಆದರೆ ಆಗುತ್ತದೆ. ಮಧ್ಯದಲ್ಲಿ ಬಿಟ್ಟು ಹೋಗಬೇಡಿ” ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು.

ಈ ವಿಷಯ ಭಾವು ಕಿವಿಗೆ ಬಿತ್ತು. ಅವರೇ ಮನೆಗೆ ಬಂದರು. “ಏನ್ರಿ ಕಸ್ತೂರಕ್ಕ, ಕಾರ್ಡ ಎದಕ ಕೊಡಿಸೇನಿ ನಾನು? ಭಿಕಾರಿ ಹಂಗ ಆ ಸಾಲನ್ಯಾಗ ಎದಕ ನಿಲ್ತೀರಿ? ಮಲಾಡ ಕಡೆ ಒಂದು ಪ್ರೈವೇಟ್ ಹಾಸ್ಪಿಟಲ್ ಐತಿ, ಎಸಿ, ಸಾಫ್ ಸುಥರಾ. ನಮ್ಮ ಸ್ಕೀಮಿನ್ಯಾಗ ಐತಿ. ನಾ ಫೋನ್ ಮಾಡತೀನಿ, ಸೀದಾ ಹೋಗ್ರಿ” ಎಂದರು.

ಖಾಸಗಿ ಆಸ್ಪತ್ರೆ, ಅದೂ ಪುಕಟ್! ಯಾರು ಬೇಡ ಅನ್ನುತ್ತಾರೆ? ಜನ್ಮವಿಡೀ ಸರಕಾರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಚಾದರ ಹಾಸಿ ಕೂತವರು ನಾವು. ಒಂದು ಸಲವಾದರೂ ಲಿಫ್ಟಿರುವ, ಫಿನಾಯಿಲ್ ವಾಸನೆ ಹೊಡೆಯದ ಆಸ್ಪತ್ರೆಯಲ್ಲಿ ಮಲಗಬೇಕೆಂಬ ಆಸೆ ಮಲ್ಲುವಿಗೂ ಇತ್ತು, ನೀಲಾಗೂ ಇತ್ತು, ನನಗೂ ಇತ್ತು. ಸರಕಾರಿ ಆಸ್ಪತ್ರೆಯಿಂದ ಕಾಗದ ಬಿಡಿಸಿಕೊಂಡು ಬಂದೆವು. ಬಿಡಿಸಿಕೊಂಡರೆ ಸಾಲಿನಿಂದ ಹೆಸರು ಹೋಗುತ್ತದೆ ಎಂದು ಅಲ್ಲಿ ಹೇಳಿದರು. ಹೋಗಲಿ ಬಿಡಿ ಎಂದೆವು. ಇನ್ನು ಯಾರಿಗೆ ಬೇಕು ಆ ಸಾಲು ಎನ್ನುವ ಸೊಕ್ಕು ಅವತ್ತು.

ಮಲಾಡಿನ ಆಸ್ಪತ್ರೆಯ ಹೊಳಪಿನಲ್ಲಿ ಮಲ್ಲು ಮೊದಲು ನೋಡಿದ್ದು ನೆಲವನ್ನು. “ಇಟಾಲಿಯನ್ ಮಾರ್ಬಲ್ ಯಕ್ಕಾ. ಕೂರ್ಸಿದಾಂವ ಮಾತ್ರ ಕುಡುದ ಕೂರ್ಸ್ಯಾನ, ಜಾಯಿಂಟ್ ನೋಡು” ಎಂದ. ಆದರೆ ಕಾರ್ಡಿನವರಿಗೆ ಆ ಮಾರ್ಬಲ್ ಇರಲಿಲ್ಲ. ನಮಗೆ ಬೇರೆ ಕೌಂಟರು, ಹಿಂದಿನ ಬಾಗಿಲು, ಬೇರೆ ವಾರ್ಡು. ನರ್ಸುಗಳು ಹೆಸರು ಕರೆಯುತ್ತಿರಲಿಲ್ಲ. “ಓ ಕಾರ್ಡ್‌ವಾಲಾ” ಎನ್ನುತ್ತಿದ್ದರು. ಆದರೂ ಹಾಸಿಗೆ ಇತ್ತು, ಬೆಳ್ಳಗಿನ ಚಾದರ ಇತ್ತು. ಸರಕಾರದ ಕಡೆಯಿಂದ ಮಂಜೂರಿ ಬಂದ ಕೂಡಲೇ ಆಪರೇಷನ್, ಬರೀ ಸಹಿಯೊಂದು ಬಾಕಿ ಎಂದರು. ನೀಲಾ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಮರುದಿನ ಭಾವು ಬಂದರು. ಜೊತೆಗೆ ಕ್ಯಾಮೆರಾ ಹಿಡಿದವನೊಬ್ಬ. ಕೈಯಲ್ಲಿ ಅವರ ದೊಡ್ಡ ನಾಯಕರ ಫೋಟೋ ಇರುವ ಬೋರ್ಡು, ಅದರ ಮೇಲೆ ‘ಧನ್ಯವಾದ’ ಎಂದು ದಪ್ಪಕ್ಷರ.

“ಮಲ್ಲು, ಒಂದು ಚಿಕ್ಕ ವಿಡಿಯೋ ಮಾಡೂಣ. ಆಪರೇಷನ್ ಆತು, ಆರಾಮ ಆದೆ, ಹೊಸ ಜೀವ ಸಿಕ್ತು ಅಂತ ಹೇಳಬೇಕು. ಕನ್ನಡದಾಗ ಹೇಳು. ನಮ್ಮ ಏರಿಯಾದಾಗ ಎಲ್ಲಾ ನಮ್ಮ ಮಂದಿನ ಅದಾರ” ಎಂದರು.

ನನಗೆ ಅರ್ಥವಾಗಲಿಲ್ಲ. “ಭಾವು, ಆಪರೇಷನ್ ಇನ್ನೂ ಆಗೇ ಇಲ್ಲಲ್ರೀ?” ಎಂದೆ.

“ಅಕ್ಕಾ, ಆದ ಮ್ಯಾಲ ಮಾಡಾಕ ಬರೂದಿಲ್ರಿ. ಮೂಗಿನ್ಯಾಗ ನಳಿಗಿ, ಎದಿ ಮ್ಯಾಲ ಪಟ್ಟಿ, ಮಾರಿ ಸೊರಗಿ ಇಷ್ಟಾಗಿರತೈತಿ. ಮಂದಿ ನೋಡಿದ್ರ ಹೆದರತಾರ. ಈಗ ನೋಡ್ರಿ, ಎಷ್ಟ ಛಂದ ಕಾಣಸ್ತಾನ! ಎಲ್ಲಾರ್ದೂ ಹಿಂಗ ಮೊದಲ ತಗೋತೀವಿ. ಬೇಕಾರ ಬಾಜೂದವ್ರನ್ನ ಕೇಳ್ರಿ.”

ಪಕ್ಕದ ಹಾಸಿಗೆಯ ಮುದುಕರು ಹೌದೆಂದು ತಲೆಯಾಡಿಸಿದರು. ಅವರ ವಿಡಿಯೋ ಹಿಂದಿನ ದಿನವೇ ಆಗಿತ್ತಂತೆ, ಎರಡು ಸಲ ತೊದಲಿದ್ದರಿಂದ ಮತ್ತೆ ಮಾಡಿಸಿದರಂತೆ. ಇದು ಅಲ್ಲಿಯ ಪದ್ಧತಿ. ನರ್ಸು ಬಂದು ಸಲೈನ್ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ ಕೊಟ್ಟಳು, ಅಷ್ಟು ರೂಢಿಯಾಗಿತ್ತು ಅವಳಿಗೆ.

ಮಲ್ಲುವಿಗೆ ಇದೆಲ್ಲ ತಮಾಷೆ. “ಆಗದ ಕೆಲಸಾ ಆಗೇತಿ ಅಂತ ಹೇಳಾಕ ನನಗೇನ ಹೊಸಾದ ಭಾವು? ಟೈಲ್ಸ್ ಸೇಟ್ ಫೋನ್ ಮಾಡಿದಾಗೆಲ್ಲಾ ಅದನ್ನ ಹೇಳತೀನಿ” ಎಂದು ಕೂದಲು ಬಾಚಿಕೊಂಡ. ಬೋರ್ಡು ಹಿಡಿದುಕೊಂಡು ನೆಟ್ಟಗೆ ಕೂತ. ನೀರು ಕುಡಿದಷ್ಟು ಸಲೀಸಾಗಿ ಶುರು ಮಾಡಿದ. “ನಮಸ್ಕಾರ್ರಿ. ನಾ ಮಲ್ಲಪ್ಪ, ಕುರ್ಲಾದಾಂವ. ನನ್ನ ಎದ್ಯಾಗಿನ ವಾಲ್ವ್ ಕೆಟ್ಟಿತ್ತು. ಸರಕಾರದ ಕಾರ್ಡಿನಿಂದ ಒಂದ ಪೈಸೆ ಖರ್ಚಿಲ್ದ ಆಪರೇಷನ್ ಆತು. ಈಗ ಮೆಟ್ಲಾ ಏರತೀನಿ, ಕೆಲಸಕ್ಕ ಹೋಗತೀನಿ. ನನಗ ಹೊಸಾ ಜೀವಾ ಕೊಟ್ಟವರಿಗೆ ಧನ್ಯವಾದ.”

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಕ್ಯಾಮೆರಾ ಹಿಡಿದವನ ಹಿಂದೆ ನಿಂತಿದ್ದ ನೀಲಾ ಬಿಕ್ಕತೊಡಗಿದ್ದಳು. ಮಲ್ಲು ಅವಳ ಕಡೆ ನೋಡಿ, ಆಟವನ್ನೆಲ್ಲ ಬಿಟ್ಟು ಮನೆಯಲ್ಲಿ ಮಾತಾಡುವ ದನಿಯಲ್ಲಿ, “ನೀಲಾ, ಇನ್ನ ಅಳೂದ ಬಿಡು. ನಾ ಆರಾಮ ಆಗೇನಿ ನೋಡು” ಎಂದ.

“ವಾ! ಏಕ್ ನಂಬರ್!” ಎಂದು ಭಾವು ಚಪ್ಪಾಳೆ ತಟ್ಟಿದರು. “ಇದನ್ನ ಕಟ್ ಮಾಡಬ್ಯಾಡೋ, ಹಂಗ ಇಡು” ಎಂದು ಕ್ಯಾಮೆರಾದವನಿಗೆ ಹೇಳಿದರು.

ಆ ಮಂಜೂರಿ ಬರಲೇ ಇಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದರು. ಆಮೇಲೆ ಒಂದು ಬೆಳಿಗ್ಗೆ ಕೌಂಟರಿನ ಹುಡುಗಿ, “ಸರಕಾರ ಆಸ್ಪತ್ರೆಗೆ ಕೊಡಬೇಕಾದ ಹಳೇ ಬಾಕಿ ಕೊಟ್ಟಿಲ್ಲ. ಮ್ಯಾನೇಜ್‌ಮೆಂಟ್ ಹೊಸ ಕಾರ್ಡಿನ ಆಪರೇಷನ್ ಎಲ್ಲ ನಿಲ್ಲಿಸಿದೆ. ಮನೆಗೆ ಹೋಗಿ, ಫೋನ್ ಮಾಡುತ್ತೇವೆ” ಎಂದಳು. ನಾನು ಅವಳ ಜೊತೆ ಜಗಳಕ್ಕೆ ನಿಂತೆ. ಅವಳಾದರೂ ಏನು ಮಾಡಿಯಾಳು? ಗಾಜಿನ ಆಚೆ ಕೂತು ಅದೇ ಮಾತನ್ನು ಹಿಂದಿನವರಿಗೂ ಹೇಳಿದ್ದಳು, ಮುಂದಿನವರಿಗೂ ಹೇಳಬೇಕಿತ್ತು. ಸರಕಾರ ಆಸ್ಪತ್ರೆಯನ್ನು ತೋರಿಸುತ್ತದೆ, ಆಸ್ಪತ್ರೆ ಸರಕಾರವನ್ನು ತೋರಿಸುತ್ತದೆ. ನಡುವೆ ನಿಂತವನ ಎದೆಯೊಳಗೆ ವಾಲ್ವು ಮಾತ್ರ ಯಾರ ಮಾತೂ ಕೇಳದೆ ಕೆಡುತ್ತಾ ಹೋಗುತ್ತದೆ.

ಭಾವು ಫೋನಿನಲ್ಲಿ, “ಮೀಟಿಂಗ್ ನಡದೈತಿ ಅಕ್ಕಾ, ಊಪರ್ ತಕ್ ಮಾತಾಡೇನಿ. ಆತು ಅಂತ ತಿಳ್ಕೋರಿ” ಎನ್ನುತ್ತಿದ್ದರು. ಆತು ಅಂತ ತಿಳಿದುಕೊಂಡೇ ನಾವು ಕೂತೆವು. ಮತ್ತೆ ಸರಕಾರಿ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ನಮ್ಮನ್ನು ನೋಡಿ ಹಣೆ ಚಚ್ಚಿಕೊಂಡರು. “ನಾನು ಹೇಳಿದ್ದೆನಲ್ಲ! ಇಷ್ಟೊತ್ತಿಗೆ ಇವನ ಸರದಿ ಹತ್ತಿರ ಬಂದಿರುತ್ತಿತ್ತು” ಎಂದರು. ಮತ್ತೆ ಹೆಸರು ಬರೆದುಕೊಂಡರು. ಸಾಲಿನ ತುದಿಯಿಂದ.

ಮಲ್ಲು ಆ ಸಾಲಿನಲ್ಲಿ ಮುಂದೆ ಬರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತವನು ತಟ್ಟೆ ಸರಿಸಿ ಎದೆ ಹಿಡಿದುಕೊಂಡ. ಚಾಳಿನ ಗಂಡಸರು ಖುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ರಿಕ್ಷಾದಲ್ಲಿ ಅವನ ತಲೆ ನನ್ನ ತೊಡೆಯ ಮೇಲೆ, ಕಾಲು ನೀಲಾಳ ಮಡಿಲಲ್ಲಿ. ಸಿಗ್ನಲ್ಲಿನಲ್ಲಿ ಬಸ್ಸು, ಟ್ಯಾಂಕರ್, ಮತ್ತೊಂದು ಬಸ್ಸು. ನಾನು ಹೊರಗೆ ತಲೆ ಹಾಕಿ ದಾರಿ ಬಿಡಿರೋ ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡೆ. ಆಸ್ಪತ್ರೆ ಕಾಣುವಷ್ಟು ದೂರದಲ್ಲಿ ನೀಲಾ, “ಅಕ್ಕಾ, ಇವರ ಕಾಲು ತಣ್ಣಗಾಗ್ಯಾವ” ಎಂದಳು.

ಮಣ್ಣಿಗೆ ಭಾವು ಬಂದಿದ್ದರು. ಹಾರ ತಂದಿದ್ದರು. ಕಣ್ಣಲ್ಲಿ ನೀರೂ ತಂದುಕೊಂಡರು, ಸುಳ್ಳು ಹೇಳಬಾರದು.

ನೀಲಾ ತವರಿಗೆ ಹೋಗಲು ಒಪ್ಪಲಿಲ್ಲ. ಅವಳ ಅಣ್ಣ ಬಂದು ಕರೆದ, ಇಲ್ಲ ಎಂದಳು. ನನ್ನ ಜೊತೆ ಕೂತು ಬ್ಲೌಸಿಗೆ ಹುಕ್ ಹಚ್ಚುವುದು, ಕಾಜಾ ಮಾಡುವುದು ಕಲಿತಳು. ಮಾತು ಮೊದಲೇ ಕಡಿಮೆ, ಈಗ ಪೂರ್ತಿ ನಿಂತಿತ್ತು. ಅಳುವುದೂ ಕಾಣುತ್ತಿರಲಿಲ್ಲ. ಅತ್ತಾದರೂ ಅತ್ತರೆ ಸಾಕಪ್ಪ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಚುನಾವಣೆ ಬಂತು. ಒಂದು ದಿನ ಮಧ್ಯಾಹ್ನದ ಮೇಲೆ ನಾನು ಮಷೀನಿನ ಮುಂದೆ ಕೂತಿದ್ದೆ. ಗಲ್ಲಿಯಲ್ಲಿ ಡೋಲು, ಹಾಡು, ಪ್ರಚಾರದ ಗಲಾಟೆ. ಅದರ ನಡುವೆ, “ನಮಸ್ಕಾರ್ರಿ. ನಾ ಮಲ್ಲಪ್ಪ, ಕುರ್ಲಾದಾಂವ” ಎಂದು ನನ್ನ ತಮ್ಮ ಮಾತಾಡಿದ.

ಕಾಲು ಪೆಡಲ್ ಮೇಲೇ ನಿಂತುಹೋಯಿತು. ದೇವರೇ, ತಲೆ ಕೆಟ್ಟಿತೇನೋ ಎಂದುಕೊಂಡೆ. ಹೊರಗೆ ಓಡಿ ಬಂದು ನೋಡಿದರೆ ಟೆಂಪೋದ ಮೇಲೆ ಗೋಡೆಯಷ್ಟು ದೊಡ್ಡ ಪರದೆ. ಅದರ ತುಂಬ ನನ್ನ ಮಲ್ಲು. ಬಾಚಿದ ಕೂದಲು, ಕೈಯಲ್ಲಿ ಬೋರ್ಡು, ಅದೇ ನಗು. ಪಕ್ಕದಲ್ಲಿ ನಾಯಕರು ಕೈ ಮುಗಿದು ನಿಂತಿದ್ದಾರೆ. “ಈಗ ಮೆಟ್ಲಾ ಏರತೀನಿ, ಕೆಲಸಕ್ಕ ಹೋಗತೀನಿ.” ಯಾವ ಗಲ್ಲಿಯಿಂದ ಅವನ ಹೆಣ ಹೋಯಿತೋ ಅದೇ ಗಲ್ಲಿಯಲ್ಲಿ ಅವನ ಬಾಯಿಂದ ಇದನ್ನು ಹೇಳಿಸುತ್ತಿದ್ದರು. ಹೆಗಲು ಕೊಟ್ಟವರೇ ನಿಂತು ನೋಡುತ್ತಿದ್ದರು. ನೀಲಾ ಎಲ್ಲಿಂದ ಬಂದಳೋ, ಗಟಾರದ ಮೇಲಿನ ಫರಸಿ ಕಲ್ಲಿನ ಮೇಲೆ ನಿಂತು ಕಣ್ಣು ಮಿಟುಕಿಸದೆ ನೋಡಿದಳು. “ನೀಲಾ, ಇನ್ನ ಅಳೂದ ಬಿಡು” ಎಂದಾಗ ಅವಳ ಕೈ ತನ್ನಷ್ಟಕ್ಕೆ ತಾನೇ ಬಾಯಿಗೆ ಹೋಯಿತು.

ಚಪ್ಪಲಿ ಮೆಟ್ಟಿಕೊಂಡು ಸೀದಾ ಭಾವು ಆಫೀಸಿಗೆ ಹೋದೆ.

“ನಾಚಿಕೆ ಆಗೂದಿಲ್ರಿ ನಿಮಗ? ಹಾರ ಹಾಕಿದ ಕೈಲೇ ಅವನ್ನ ಟೆಂಪೋ ಮ್ಯಾಲ ಏರ್ಸೀರಲ್ಲ!”

ಭಾವು ಎದ್ದು ನಿಂತರು. “ಅಕ್ಕಾ, ಕೂಡ್ರಿ, ನೀರ ಕುಡೀರಿ. ಕಸಮ್ ಸೇ ನನಗ ಗೊತ್ತಿರ್ಲಿಲ್ಲ. ಕ್ಲಿಪ್ ಎಲ್ಲಾ ಮ್ಯಾಲಿಂದ ಬರತಾವ. ಅವನ ಕ್ಲಿಪ್ ಹಿಟ್ ಆಗೇತ್ರಿ, ಕಡೀ ಮಾತ ಕೇಳಿ ಮಂದಿ ಅಳತಾರ, ಅದಕ ಎಲ್ಲಾ ಕಡೆ ಹಾಕ್ಯಾರ.”

“ಸುಳ್ಳಲ್ರೀ ಅದು! ಅವನಿಗೆ ಆಪರೇಷನ್ ಎಲ್ಲಿ ಆಗೇತಿ?”

“ಅವನಿಗೆ ಆಗ್ಲಿಲ್ಲ, ಖರೇ. ನಿಮ್ಮ ಬಾಜೂ ಮನೀ ಜುಬೇದಾಬಿ? ಆಕಿ ಡಯಾಲಿಸಿಸ್ ಇದರಿಂದನ ನಡದೈತಿಲ್ಲೋ? ಅದು ಸುಳ್ಳೇನ? ಗಲಾಟೆ ಮಾಡ್ರಿ, ನಾಳೆ ಬ್ಯಾರೆ ಸರಕಾರ ಬಂದು ಸ್ಕೀಮ್ ಬಂದ್ ಮಾಡ್ಲಿ. ಆಗ ಆಕಿ ಮಾರೀ ನೋಡಾಕ ಆಗತೈತೇನ ನಿಮಗ?”

ಜಗಳ ಅಲ್ಲೇ ಬಿಟ್ಟು ಮನೆಗೆ ಬಂದೆ. ಜುಬೇದಾಬಿ ಕಲಬುರಗಿಯವಳು, ನಮ್ಮ ಗೋಡೆಗೆ ಗೋಡೆ. ವಾರ ವಾರ ಆಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಾಳೆ, ಅದೇ ಕಾರ್ಡಿನಲ್ಲಿ. ಅವತ್ತು ಸಂಜೆ ಅವಳೇ ಬಂದು ನನ್ನ ಕೈ ಹಿಡಿದುಕೊಂಡಳು. “ಅಗೇ ಕಸ್ತೂರಿ, ಮಲ್ಲು ನನಗ ಬೇಟಾ ಇದ್ದಂಗ ಇದ್ದ. ಖರೇ ನಾ ಜಿಂದಾ ಇರೂದು ಆ ಕಾರ್ಡಿನ ಮ್ಯಾಲ ಅದ ನೋಡವಾ. ಅದಕ್ಕೊಂದು ಬೈಬ್ಯಾಡ” ಎಂದಳು. ಅವಳು ಬದುಕಿದ್ದೂ ನಿಜ, ಇವನು ಸತ್ತದ್ದೂ ನಿಜ.

ಮರುದಿನ ಘಾಟ್ಕೋಪರಿನ ಸೊಸೈಟಿಯೊಂದಕ್ಕೆ ಬ್ಲೌಸ್ ಕೊಡಲು ಹೋದೆ. ಅಲ್ಲಿಯ ಮೇಡಂ ಒಳ್ಳೆಯವರೇ, ದೀಪಾವಳಿಗೆ ಮಿಠಾಯಿ ಕೊಡುತ್ತಾರೆ. ಅಳತೆ ನೋಡುತ್ತಾ ನೋಡುತ್ತಾ, “ಕಸ್ತೂರಿ, ಫೋನಿನಲ್ಲಿ ಒಂದು ವಿಡಿಯೋ ಬಂತು. ನಿನ್ನ ತಮ್ಮ ಅಲ್ಲವೇ ಅವನು? ನಿಮ್ಮದೇ ಚೆನ್ನ ಬಿಡು. ಹಾರ್ಟ್ ಆಪರೇಷನ್ ಕೂಡ ಪುಕಟ್. ನಾವು ಟ್ಯಾಕ್ಸೂ ಕಟ್ಟಬೇಕು, ಇನ್ಶೂರೆನ್ಸೂ ಕಟ್ಟಬೇಕು” ಎಂದರು.

“ಅವನು ತೀರಿಕೊಂಡ ಮೇಡಂ. ಆಪರೇಷನ್ ಆಗಲಿಲ್ಲ” ಎಂದೆ.

ಮೇಡಂ ಗಾಬರಿಯಾದರು. ಅಯ್ಯೋ ಎಂದರು. ಆಮೇಲೆ, “ಅದಕ್ಕೇ ನಾನು ಹೇಳುವುದು, ಪುಕಟ್ ಅಂದರೆ ಹೀಗೇ ಆಗುತ್ತದೆ” ಎಂದರು. ಬ್ಲೌಸ್ ಅಲ್ಲೇ ಇಟ್ಟು ಬಂದೆ. ಇನ್ನೊಂದು ನಿಮಿಷ ನಿಂತಿದ್ದರೆ ಒಳ್ಳೆಯ ಗಿರಾಕಿ ಕೈತಪ್ಪಿ ಹೋಗುತ್ತಿತ್ತು.

ಮನೆಗೆ ಬಂದರೆ ಎದುರು ಪಕ್ಷದವರು ಕೂತಿದ್ದರು. ಒಬ್ಬ ನೀಲಾಳನ್ನು “ಸಿಸ್ಟರ್, ಸಿಸ್ಟರ್” ಎನ್ನುತ್ತಿದ್ದ. ಅವಳು ಸಭೆಗೆ ಬಂದು, ಈ ಸ್ಕೀಮೆಲ್ಲ ಮೋಸ, ನನ್ನ ಗಂಡನನ್ನು ಕೊಂದರು ಎಂದು ಹೇಳಬೇಕಂತೆ. “ಸ್ವಲ್ಪ ಅತ್ತರೆ ಒಳ್ಳೇದು. ಈಗಲೇ ಒಂದು ವಿಡಿಯೋ ತಗೋತೀವಿ” ಎಂದ. ಕ್ಯಾಮೆರಾ ತಂದಿದ್ದ. ಇವರ ಬೋರ್ಡಿನ ಬಣ್ಣ ಬೇರೆ, ಅಷ್ಟೇ.

“ಅವನಿಗೆ ನಗಾಕ ಹಚ್ಚಿದ್ರು, ಈಕಿಗೆ ಅಳಾಕ ಹಚ್ಚತೀರೇನ? ನಡೀರಿ ಹೊರಗ!” ಎಂದು ಕತ್ತರಿ ಕೈಯಲ್ಲಿಟ್ಟುಕೊಂಡೇ ಬಾಗಿಲು ತೋರಿಸಿದೆ. ಹೋಗುವಾಗ ಅವನು, “ಆಮ್ಯಾಲ ನ್ಯಾಯ ಸಿಗಲಿಲ್ಲ ಅಂತ ಬರಬ್ಯಾಡ್ರಿ” ಎಂದು ಹೇಳಿಯೇ ಹೋದ.

ಟೆಂಪೋ ದಿನಾ ಬರುತ್ತಲೇ ಇತ್ತು. ದಿನಾ ಅದೇ ಹೊತ್ತಿಗೆ ನನ್ನ ತಮ್ಮ ಆರಾಮ ಆಗುತ್ತಿದ್ದ. ಕಿವಿಗೆ ಹತ್ತಿ ಇಟ್ಟುಕೊಂಡು ನೋಡಿದೆ, ಮಷೀನ್ ಜೋರಾಗಿ ತುಳಿದು ನೋಡಿದೆ. ಕಡೆಗೊಂದು ದಿನ ತಾಳ್ಮೆ ಕೆಟ್ಟಿತು. ಮಷೀನಿನ ಮುಂದಿನ ಸ್ಟೂಲು ಎತ್ತಿಕೊಂಡು ಹೋಗಿ ಗಲ್ಲಿಯ ನಟ್ಟನಡುವೆ ಹಾಕಿ ಕೂತುಬಿಟ್ಟೆ. ನಮ್ಮ ಗಲ್ಲಿ ಎಷ್ಟಿದ್ದೀತು? ಒಂದು ಸ್ಟೂಲು ಹಾಕಿದರೆ ಟೆಂಪೋ ನಿಲ್ಲಲೇಬೇಕು.

ಡ್ರೈವರ್ ಹಾರ್ನ್ ಹೊಡೆದ. ನಾನು ಅಲ್ಲಾಡಲಿಲ್ಲ. ಹಿಂದೆ ಸ್ಕೂಟರು, ಗ್ಯಾಸ್ ಸಿಲಿಂಡರಿನ ಗಾಡಿ, ನೀರಿನ ಟ್ಯಾಂಕರು ಎಲ್ಲ ಸಿಕ್ಕಿಕೊಂಡು ಬೊಬ್ಬೆ ಎದ್ದಿತು. “ಮೌಸಿ, ನಾನು ಬಾಡಿಗೆಯವನು, ನನ್ನ ಹೊಟ್ಟೆ ಮೇಲೆ ಹೊಡೆಯಬೇಡಿ” ಎಂದು ಡ್ರೈವರ್ ಹಿಂದಿಯಲ್ಲಿ ಕೈ ಮುಗಿದ. “ಆ ಪರದೆಯ ಮೇಲಿರುವವನು ಸತ್ತಿದ್ದಾನೆ, ಅವನು ನನ್ನ ತಮ್ಮ” ಎಂದೆ. ಅವನು ತಿರುಗಿ ಪರದೆ ನೋಡಿದ, ನನ್ನ ಮುಖ ನೋಡಿದ, ಆವಾಜ್ ಬಂದ್ ಮಾಡಿದ. ಆಗ ಚಾಳಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಸುತ್ತ ನಿಂತರು. ಜುಬೇದಾಬಿ ಕೂಡ ಏದುಸಿರು ಬಿಡುತ್ತಾ ಬಂದು ನನ್ನ ಪಕ್ಕ ನೆಲದ ಮೇಲೇ ಕೂತಳು. ಅದನ್ನು ಕಂಡು ನನಗೆ ಅಳು ತಡೆಯಲಾಗಲಿಲ್ಲ.

ಯಾರೋ ಫೋನ್ ಮಾಡಿದ್ದರಿಂದ ಭಾವು ಓಡಿ ಬಂದರು. ಓಟಿನ ಹೊತ್ತು, ಗಲ್ಲಿಯ ಹೆಂಗಸರು ರಸ್ತೆಗೆ ಇಳಿದಿದ್ದಾರೆ, ಹೆದರದೆ ಏನು ಮಾಡುತ್ತಾರೆ? ಅಲ್ಲೇ ನಿಂತು ಯಾರ ಜೊತೆಗೋ ಫೋನಿನಲ್ಲಿ ಮಾತಾಡಿದರು. “ತಗಸೇನಿ ಅಕ್ಕಾ, ಎಲ್ಲಾ ಕಡೆಯಿಂದ ತಗಸೇನಿ. ಇನ್ನ ಬರೂದಿಲ್ಲ. ಏಳ್ರಿ” ಎಂದರು. ಅರ್ಧ ಗಂಟೆಯ ನಂತರ ಪರದೆಯ ಮೇಲೆ ಮಲ್ಲುವಿನ ಜಾಗದಲ್ಲಿ ಯಾರೋ ಒಬ್ಬ ಹೆಂಗಸು ಬಂದಳು. ಅದೇ ಬೋರ್ಡು, ಅದೇ ಹೊಸ ಜೀವ, ಅದೇ ಧನ್ಯವಾದ. ಅವಳು ಬದುಕಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ.

ಗೆದ್ದೆ ಎಂದುಕೊಂಡು ಸ್ಟೂಲು ಎತ್ತಿಕೊಂಡು ಮನೆಗೆ ಬಂದೆ. ನೀಲಾ ಬಾಗಿಲಲ್ಲೇ ನಿಂತಿದ್ದಳು. ಮುಖ ತೊಳೆದು, ತಲೆ ಬಾಚಿ, ಒಗೆದ ಸೀರೆ ಉಟ್ಟಿದ್ದಳು. ಈ ನಡುವೆ ದಿನಾ ಮಧ್ಯಾಹ್ನ ಹೀಗೆ ತಯಾರಾಗುತ್ತಿದ್ದುದನ್ನು ನಾನು ಕಂಡಿದ್ದೆ. ಮನಸ್ಸು ಸ್ವಲ್ಪ ತಿಳಿಯಾಗುತ್ತಿದೆ ಎಂದು ಸಮಾಧಾನಪಟ್ಟುಕೊಂಡಿದ್ದೆ.

“ಬಂದ್ ಮಾಡಿಸಿದ್ನ್ಯವ್ವಾ. ಇನ್ನ ಆ ಗಾಡಿ ಅವನ್ನ ತೋರ್ಸೂದಿಲ್ಲ” ಎಂದೆ.

ಅವಳು ಗಲ್ಲಿಯ ತುದಿಯ ಕಡೆ ನೋಡಿದಳು. ಆಮೇಲೆ, “ನಾಳೆ ಬರೂದಿಲ್ಲೇನ ಅಕ್ಕಾ?” ಎಂದಳು.

“ಇಲ್ಲ.”

“ನಾಡಿದ್ದು?”

ನನಗೆ ಆಗ ತಿಳಿಯಿತು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕುಸಿದು ಕೂತು ಅಳತೊಡಗಿದಳು. ರಿಕ್ಷಾದಲ್ಲಿ ಅಳದವಳು, ಮಣ್ಣು ಕೊಟ್ಟ ದಿನ ಅಳದವಳು. “ನನಗ ಅಳಬ್ಯಾಡ ಅಂತ ಹೇಳಾವರು ಅವರೊಬ್ಬರ ಇದ್ರು. ದಿನಾ ಬಂದು ಹೇಳತಿದ್ರು. ಯಾಕ ಬಿಡ್ಸಿದ್ರಿ ಅಕ್ಕಾ? ಯಾಕ ಬಿಡ್ಸಿದ್ರಿ?” ಎಂದು ನನ್ನ ಸೆರಗು ಹಿಡಿದು ಜಗ್ಗಿದಳು.

ಮಲ್ಲುವಿನ ಫೋನನ್ನೆಲ್ಲ ಹುಡುಕಿದೆ. ಗಲ್ಲಿಯ ಎಲ್ಲರ ಮನೆಯ ಮದುವೆ, ತೊಟ್ಟಿಲು, ಗಣಪತಿಯ ಮುಂದೆ ಕುಣಿತ, ಎಲ್ಲದರ ವಿಡಿಯೋ ಇತ್ತು. ಅವನು ಮಾತ್ರ ಒಂದರಲ್ಲೂ ಇರಲಿಲ್ಲ. ಫೋನ್ ಹಿಡಿದು ಎಲ್ಲರದೂ ತೆಗೆಯುವವನು ಅವನೇ ಆಗಿದ್ದನಲ್ಲ. ಅವನ ಫೋಟೋ ಇದ್ದವು. ದನಿ ಮಾತ್ರ ಆ ಗದ್ದಲದಲ್ಲಿ ಎಲ್ಲೂ ಕೇಳಿಸಲಿಲ್ಲ. ನನ್ನ ತಮ್ಮನ ದನಿ ಭೂಮಿಯ ಮೇಲೆ ಉಳಿದಿದ್ದರೆ ಅದು ಆ ಸುಳ್ಳಿನೊಳಗೆ ಮಾತ್ರ.

ಘಾಟ್ಕೋಪರಿನ ಮೇಡಂ ಫೋನಿನಲ್ಲಿ ಅದು ಇತ್ತು, ಆದರೆ ಅವರನ್ನು ಕೇಳಲು ಮನಸ್ಸು ಬರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಭಾವು ಆಫೀಸಿಗೆ ಹೋದೆ. ಹಿಂದಿನ ದಿನ ನಡುರಸ್ತೆಯಲ್ಲಿ ಅವರ ಮಾನ ಹರಾಜು ಹಾಕಿದ ಕಾಲುಗಳೇ ಮೆಟ್ಟಿಲು ಹತ್ತಬೇಕಲ್ಲ, ಹತ್ತಿದೆ. ಒಳಗೆ ಜನ ತುಂಬಿದ್ದರು. “ಭಾವು, ಮಲ್ಲುನ ಆ ವಿಡಿಯೋ ನಮಗೊಂದು ಕೊಡ್ರಿ” ಎಂದೆ.

ಅವರಿಗೆ ನಂಬಿಕೆಯೇ ಆಗಲಿಲ್ಲ. “ನಿನ್ನೆ ತಗೀರಿ ಅಂದವರು ನೀವ ಅಲ್ರೀ?”

“ಹೌದ್ರಿ. ಮನ್ಯಾಗ ಇಟ್ಕೊಳ್ಳಾಕ ಬೇಕು. ನೀಲಾಗ.”

ಭಾವು ನನ್ನ ಮುಖ ನೋಡಿದರು. ಏನು ಅರ್ಥವಾಯಿತೋ, ತಮ್ಮ ಫೋನಿನಲ್ಲಿ ಹುಡುಕಿ ನನಗೆ ಕಳಿಸಿದರು. “ನಾಯಕರದು, ಹಾಡಿಂದು ಎಲ್ಲಾ ಕೂಡೇತ್ರಿ ಅದರಾಗ. ಬ್ಯಾರೆ ಮಾಡಾಕ ಬರೂದಿಲ್ಲ” ಎಂದರು. ನಾನು ತಿರುಗಿ ಹೊರಟಾಗ, ಕೂತಿದ್ದವರನ್ನು ನೋಡಿ ನಗುತ್ತಾ, “ಅಲ್ರೀ ಕಸ್ತೂರಕ್ಕ, ನಿನ್ನೆ ಅಷ್ಟ ಬೈದ್ರಿ. ಇವತ್ತ ಒಂದು ಥ್ಯಾಂಕ್ಯೂನರ ಹೇಳಿ ಹೋಗ್ರಿ” ಎಂದರು. ಕುಹಕವಿರಲಿಲ್ಲ ಅದರಲ್ಲಿ. ಜಗಳ ಮರೆತು ಹಗುರ ಮಾಡಲಿಕ್ಕೆ ಅಂದದ್ದು. ಎಲ್ಲರೂ ನನ್ನ ಕಡೆ ನೋಡಿದರು.

“ಥ್ಯಾಂಕ್ಯೂ ಭಾವು” ಎಂದೆ.

ಆ ಮಾತು ನನ್ನ ಬಾಯಿಂದ ಬಂತು. ಮೆಟ್ಟಿಲಿಳಿದು ಗಟಾರದ ಪಕ್ಕ ನಿಂತು ಉಗುಳಿದೆ, ಆದರೂ ಬಾಯಿಯ ಕಹಿ ಹೋಗಲಿಲ್ಲ.

ಈಗ ನೀಲಾ ಅದನ್ನು ಕೆಲಸ ಮುಗಿದ ಮೇಲೆ ನನ್ನ ಫೋನಿನಲ್ಲಿ ನೋಡುತ್ತಾಳೆ. ನಾಯಕರು ಕೈ ಮುಗಿದು ನಿಂತ ಅರ್ಧ ಪರದೆಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಯುತ್ತಾಳೆ. ಮಲ್ಲು ಅಳಬೇಡ ಎಂದ ಕೂಡಲೇ, ಪ್ರಚಾರದ ಹಾಡು ಶುರುವಾಗುವ ಮೊದಲು, ಪಟ್ಟನೆ ನಿಲ್ಲಿಸುತ್ತಾಳೆ. ಅಷ್ಟು ಸರಿಯಾಗಿ ನಿಲ್ಲಿಸುವುದು ನನ್ನಿಂದ ಆಗುವುದಿಲ್ಲ.

ಚುನಾವಣೆ ಮುಗಿಯಿತು. ಗೆಲ್ಲುವವರು ಗೆದ್ದರು. ಜುಬೇದಾಬಿ ಈಗಲೂ ಆಸ್ಪತ್ರೆಗೆ ಹೋಗಿ ಬರುತ್ತಾಳೆ, ಅವಳಿಗಾಗಿ ಆ ಕಾರ್ಡು ನಡೆಯಲಿ ಎಂದು ನಾನೂ ಬೇಡಿಕೊಳ್ಳುತ್ತೇನೆ. ಟಿವಿಯಲ್ಲಿ ಇದು ಉಪಕಾರವೋ ಹಕ್ಕೋ ಎಂದು ಜಗಳ ಬಂದರೆ ಮಾತ್ರ ಚಾನೆಲ್ ಬದಲಿಸುತ್ತೇನೆ. ಆ ಯೋಜನೆಯಿಂದ ನಮ್ಮ ಮನೆಗೆ ಬಂದದ್ದು ಮಲ್ಲುವಿನ ಆ ವಿಡಿಯೋ ಒಂದೇ. ಅದನ್ನೂ ಧನ್ಯವಾದ ಹೇಳಿಯೇ ತಂದುಕೊಂಡೆವು.